ಯುಸಿ ಬಿಡಲಿಲ್ಲ, ಕೆಲಸಕ್ಕೂ ಹೋದೆ: ನನ್ನ ಲೆಕ್ಕ

ಗಂಡನಿಂದ ಬೇರೆಯಾಗಿ, ಮಗು ಕಟ್ಟಿಕೊಂಡು ಇಂಗ್ಲೆಂಡಿನಲ್ಲಿ ಯೂನಿವರ್ಸಲ್ ಕ್ರೆಡಿಟ್ (ಯುಸಿ, ಕಡಿಮೆ ಆದಾಯದವರಿಗೆ ಸರ್ಕಾರ ತಿಂಗಳಿಗೊಮ್ಮೆ ಕೊಡುವ ಸಹಾಯಧನ) ಮೇಲೆ ಇರುವವರಿಗೆ ನಮ್ಮವರು ಹೇಳೋದು ಒಂದೇ ಮಾತು. "ಸುಮ್ನೆ ಯಾಕೆ ಕೆಲಸ? ಸಂಬಳ ನರ್ಸರಿಗೇ ಸರಿಹೋಗುತ್ತೆ, ಯುಸಿನೂ ಕಟ್ ಆಗುತ್ತೆ." ನಮ್ಮಕ್ಕ ಇದನ್ನೇ ಹೇಳಿದ್ದಳು. ಕನ್ನಡ ಬಳಗದ ಗೆಳತಿಯರೂ ಇದನ್ನೇ ಹೇಳಿದರು. ಈಗ ವಾರಕ್ಕೆ 20 ಗಂಟೆ ಕೆಲಸ ಮಾಡುತ್ತಿದ್ದೇನೆ, ಕೈಯಲ್ಲಿ ದುಡ್ಡು ಉಳಿಯುತ್ತಿದೆ. ಅದಕ್ಕೇ ಇಷ್ಟು ಬರೆಯಬೇಕು ಅನಿಸಿತು. ಮುಂದೆ ಬರುವ ವರ್ಕ್ ಕೋಚ್ ಅಂದರೆ ನಮ್ಮ ಯುಸಿ ನೋಡಿಕೊಳ್ಳುವ ಜಾಬ್ ಸೆಂಟರ್ ಅಧಿಕಾರಿ, ಜರ್ನಲ್ ಅಂದರೆ ಅವರಿಗೆ ಸಂದೇಶ ಬರೆಯುವ ಆನ್‌ಲೈನ್ ಪುಟ. ನನಗೆ ಐಎಲ್‌ಆರ್, ಅಂದರೆ ಇಲ್ಲಿ ಕಾಯಂ ಇರುವ ಅನುಮತಿ, ಇದೆ. ವೀಸಾದಲ್ಲಿ ಪಬ್ಲಿಕ್ ಫಂಡ್ಸ್ (ಸರ್ಕಾರದ ಸಹಾಯಧನ) ಇಲ್ಲ ಅಂತ ಇದ್ದವರು ಯುಸಿಗೆ ಕೈ ಹಾಕಬೇಡಿ.

ಕೆಲಸ ಹುಡುಕುವ ಮೊದಲೇ ಮಗುವಿನ ಜೀವನಾಂಶ ಗಟ್ಟಿ ಮಾಡಿಕೊಂಡೆ. ಮಗುವಿಗೆ ಅಂತ ಅಪ್ಪ ಕೊಡುವ ದುಡ್ಡನ್ನು ಯುಸಿಯಲ್ಲಿ ಆದಾಯ ಅಂತ ಹಿಡಿಯೋದೇ ಇಲ್ಲ. ಒಂದು ಪೆನ್ನಿಯೂ ಕಟ್ ಆಗೋಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಹೆದರಿ ಕೇಳೋದೇ ಇಲ್ಲ. ಜೀವನಾಂಶ ಲೆಕ್ಕ ಹಾಕಿ ಕೊಡಿಸುವ ಸರ್ಕಾರಿ ಕಚೇರಿ ಚೈಲ್ಡ್ ಮೇಂಟೆನೆನ್ಸ್ ಸರ್ವಿಸ್‌ಗೆ ಅರ್ಜಿ ಹಾಕಲು ಇದ್ದ 20 ಪೌಂಡ್ ಶುಲ್ಕವನ್ನೂ 2024ರಲ್ಲಿ ತೆಗೆದಿದ್ದಾರೆ. ಒಂದು ಮಗುವಾದರೆ, ಸಾಮಾನ್ಯವಾಗಿ ಅಪ್ಪನ ತೆರಿಗೆ ಕಳೆಯುವ ಮೊದಲಿನ ವಾರದ ಸಂಬಳದಲ್ಲಿ 12 ಪರ್ಸೆಂಟ್. ಎರಡಾದರೆ 16. ಮಗು ವಾರಕ್ಕೊಂದು ರಾತ್ರಿ ಅಪ್ಪನ ಮನೆಯಲ್ಲಿ ಮಲಗಿದರೆ ಏಳರಲ್ಲೊಂದು ಪಾಲು ಕಡಿಮೆ. ನಮಗೆ ಕೂತದ್ದು ವಾರಕ್ಕೆ ಎಪ್ಪತ್ತು ಚಿಲ್ಲರೆ ಪೌಂಡ್. ಡೈರೆಕ್ಟ್ ಪೇ, ಅಂದರೆ ಅವರು ನೇರ ನನಗೇ ಕಟ್ಟೋದು, ಸಾಕು ಅಂತ ಇಬ್ಬರೂ ಒಪ್ಪಿದೆವು. ಸರ್ವಿಸ್ ಮೂಲಕವೇ ವಸೂಲಿ ಮಾಡಿಸಿದರೆ ಕೊಡುವವರಿಗೆ 20 ಪರ್ಸೆಂಟ್ ಜಾಸ್ತಿ ಬೀಳುತ್ತೆ, ನಮ್ಮ ಪಾಲಿನಲ್ಲೂ 4 ಹೋಗುತ್ತೆ. ಅಪ್ಪ ಬೆಂಗಳೂರಿಗೆ ವಾಪಸ್ ಹೋಗಿ ನೆಲೆಸಿದ್ದರೆ ಸಾಮಾನ್ಯವಾಗಿ ಈ ದಾರಿ ಇಲ್ಲ, ಕೋರ್ಟೇ ಗತಿ.

ಮೊದಲು ಸಿಕ್ಕ ಕೆಲಸ ಗೋಡೌನಿನಲ್ಲಿ ಪ್ಯಾಕಿಂಗ್. ಬೆಳಗ್ಗೆ ಆರಕ್ಕೆ ಶಿಫ್ಟು. ಆರಕ್ಕೆ ಯಾವ ನರ್ಸರಿ ಬಾಗಿಲು ತೆಗೆಯುತ್ತೆ? ಸೇರಲೇ ಇಲ್ಲ. ಆಮೇಲೆ ಒಂದು ಕೇರ್ ಹೋಮ್. ಆಗ ಅಮ್ಮ ಮೈಸೂರಿನಿಂದ ವಿಸಿಟರ್ ವೀಸಾದಲ್ಲಿ ಬಂದಿದ್ದರು, ಮೊಮ್ಮಗಳ ಜೊತೆ ಇರುತ್ತಿದ್ದರು. ಅಲ್ಲಿ ಸಂಬಳ ನಾಲ್ಕು ವಾರಕ್ಕೊಮ್ಮೆ. ಹಾಗಾಗಿ ವರ್ಷಕ್ಕೆ ಹದಿಮೂರು ಸಂಬಳ. ಒಂದು ಸಲ ಒಂದೇ ಅಸೆಸ್‌ಮೆಂಟ್ ಅವಧಿಯೊಳಗೆ (ಯುಸಿ ಲೆಕ್ಕ ಹಾಕುವ ಒಂದು ತಿಂಗಳು) ಎರಡು ಬಿದ್ದವು. ಯುಸಿ ಒಮ್ಮೆಲೇ ಐನೂರು ಪೌಂಡ್ ಹತ್ತಿರ ಇಳಿಯಿತು. ಬಾಡಿಗೆಗೆ ಎರಡು ಬಳೆ ಅಡ ಇಟ್ಟೆ. ವೀಸಾ ಅವಧಿ ಮುಗಿದು ಅಮ್ಮ ಊರಿಗೆ ಹೊರಟರು, ಕೆಲಸವೂ ಹೋಯಿತು. "ನಾವು ಹೇಳಿರಲಿಲ್ವಾ?" ಅಂದರು ಎಲ್ಲರೂ.

ತಿಂಗಳ ಸಂಬಳದವರಿಗೂ ಮೊದಲು ಈ ಗೋಳಿತ್ತು. ರಜೆ ಅಡ್ಡ ಬಂದು ಸಂಬಳ ಒಂದೆರಡು ದಿನ ಮುಂಚೆ ಬಿದ್ದರೆ ಒಂದೇ ಅವಧಿಗೆ ಎರಡು ಲೆಕ್ಕ. ನಾಲ್ವರು ಒಂಟಿ ತಾಯಂದಿರು ಹಟ ಹಿಡಿದು ಕೇಸು ನಡೆಸಿದರು. 2020ರಲ್ಲಿ ಕೋರ್ಟ್ ಆಫ್ ಅಪೀಲ್‌ನಲ್ಲಿ ಗೆದ್ದರು, ಆಮೇಲೆ ನಿಯಮ ತಿದ್ದಿದರು. ಆ ಹೆಣ್ಣುಮಕ್ಕಳಿಗೆ ನಾವೆಲ್ಲ ಋಣಿ. ಆದರೆ ಆ ತಿದ್ದುಪಡಿ ತಿಂಗಳ ಸಂಬಳಕ್ಕೆ ಮಾತ್ರ. ಹಾಗಾಗಿ ಈಗಿನ ಕೆಲಸದಲ್ಲಿ, ಅದು ಒಂದು ಕ್ಲಿನಿಕ್ಕಿನ ರಿಸೆಪ್ಷನ್, ಎಷ್ಟು ಕೊಡ್ತೀರಿ ಅಂತ ಕೇಳುವ ಮೊದಲು ಯಾವ ದಿನ ಕೊಡ್ತೀರಿ ಅಂತ ಕೇಳಿದೆ.

ನಡುವೆ ಮನೆಯಲ್ಲೇ ಹೋಳಿಗೆ, ಚಟ್ನಿಪುಡಿ ಮಾಡಿ ಮಾರಿದ್ದೂ ಉಂಟು. ಶುರುಮಾಡುವ 28 ದಿನ ಮುಂಚೆ ಕೌನ್ಸಿಲ್‌ನಲ್ಲಿ ನೋಂದಾಯಿಸಬೇಕು, ದುಡ್ಡು ಕೇಳೋದಿಲ್ಲ. ಯುಗಾದಿ ವಾರದಲ್ಲಿ ಇನ್ನೂರು ಪೌಂಡ್‌ವರೆಗೂ ಬಂತು. ನನ್ನ ಹೋಳಿಗೆಗೆ ಈಗಲೂ ಫೋನ್ ಬರುತ್ತೆ. ಹಬ್ಬ ಇಲ್ಲದ ತಿಂಗಳು ಬೇಳೆ ಬೆಲ್ಲದ ಖರ್ಚೂ ಹುಟ್ಟಲಿಲ್ಲ. ಸ್ವಂತ ಉದ್ಯೋಗ ಅಂತ ತೋರಿಸಿದರೆ ಒಂದು ವರ್ಷದ ಮೇಲೆ ಯುಸಿಯವರು ಇಷ್ಟು ದುಡಿದೇ ದುಡಿದಿದ್ದಾರೆ ಅಂತ ಒಂದು ಮೊತ್ತ ಹಿಡಿದು ಕಟ್ ಮಾಡಬಹುದು. ನಿಲ್ಲಿಸಿದೆ.

ಕ್ಲಿನಿಕ್ ಸೇರಿದ್ದು 2025ರ ಬೇಸಿಗೆಯ ಹೊತ್ತಿಗೆ. ನರ್ಸರಿಯವರು ಮೊದಲ ತಿಂಗಳ ಒಂಬೈನೂರು ಪೌಂಡ್ ಮುಂಗಡ ಕೇಳಿದರು. ಯುಸಿ 85 ಪರ್ಸೆಂಟ್ ಕೊಡುತ್ತೆ ನಿಜ, ಆದರೆ ನಾವು ಕಟ್ಟಿ ರಸೀದಿ ತೋರಿಸಿದ ಮೇಲೆ. ಮೊದಲ ಬಿಲ್ಲನ್ನು ಜಾಬ್ ಸೆಂಟರ್‌ನ ನೆರವಿನ ನಿಧಿ ಫ್ಲೆಕ್ಸಿಬಲ್ ಸಪೋರ್ಟ್ ಫಂಡ್‌ನಿಂದ ಮುಂಚಿತವಾಗಿ ಕೊಡಿಸಬಹುದು, ಅದರಲ್ಲೂ 2023ರ ಜೂನ್‌ನಿಂದ ಇದಕ್ಕೆ ಒತ್ತು ಕೊಟ್ಟಿದ್ದಾರೆ. ನನ್ನ ಕೋಚ್ ಆಗೋಲ್ಲ ಅಂದರು. ಜರ್ನಲ್‌ನಲ್ಲಿ ನಾಲ್ಕು ಸಾಲು ಬರೆದೆ, ಮೂರನೇ ದಿನ ಒಪ್ಪಿಗೆ ಬಂತು. ಆ ನಾಲ್ಕು ಸಾಲು ಮಾತ್ರ ಇಲ್ಲಿ ಹಾಕೋದಿಲ್ಲ. ಎಲ್ಲರೂ ಅದನ್ನೇ ಅಂಟಿಸಿದರೆ ಬೆಲೆ ಇರೋದಿಲ್ಲ. ಆಫರ್ ಲೆಟರ್ ಮಾತ್ರ ಕೈಯಲ್ಲಿರಲಿ.

ರಸೀದಿ ವಿಷಯದಲ್ಲಿ ಹುಷಾರು. ನನ್ನದು ಮೊದಲು ವಾಪಸ್ ಬಂತು. ಅದರಲ್ಲಿ ಮಗುವಿನ ಅರ್ಧ ಹೆಸರು, ಒಂದು ಮೊತ್ತ, ಕೆಳಗೊಂದು ಗೀಚು ಅಷ್ಟೇ ಇತ್ತು. ನರ್ಸರಿಯ ಆಫ್‌ಸ್ಟೆಡ್ ನಂಬರ್ (ಸರ್ಕಾರಿ ತಪಾಸಣಾ ಸಂಸ್ಥೆಯ ನೋಂದಣಿ ಸಂಖ್ಯೆ), ಯಾವ ತಾರೀಕಿನಿಂದ ಯಾವ ತಾರೀಕಿಗೆ, ಯಾವತ್ತು ಕಟ್ಟಿದ್ದು, ಎಲ್ಲ ಬರೆಸಿಕೊಂಡ ಮೇಲೆ ಸರಿಹೋಯಿತು. ಅಜ್ಜಿ ನೋಡಿಕೊಂಡರೆ ಇದ್ಯಾವುದೂ ಸಿಗೋಲ್ಲ, ನೋಂದಣಿ ಬೇಕು.

ಲೆಕ್ಕ ಅಂದಾಜಿಗೆ ಹೀಗಿದೆ. ತಿಂಗಳ ಸಂಬಳ ಸಾವಿರದೈವತ್ತು. ಬಾಡಿಗೆಗೂ ಯುಸಿ ಬರುವವರಿಗೆ 2025-26ರಲ್ಲಿ ಸಂಬಳದ ಮೊದಲ 411 ಪೌಂಡ್ ಮುಟ್ಟುತ್ತಿರಲಿಲ್ಲ. ಮಿಕ್ಕಿದ್ದರಲ್ಲಿ ಪೌಂಡಿಗೆ 55 ಪೆನ್ನಿ ಕಟ್, ಅಂದರೆ ಮುನ್ನೂರೈವತ್ತು ಚಿಲ್ಲರೆ ಹೋಯಿತು. ನರ್ಸರಿಯ ನನ್ನ ಪಾಲು ನೂರಮೂವತ್ತೈದು, ಬಸ್ಸಿಗೆ ಎಂಬತ್ತು. ಉಳಿದದ್ದು ಐನೂರಕ್ಕೆ ಸ್ವಲ್ಪ ಕಡಿಮೆ. ಜೀವನಾಂಶ ಇದಕ್ಕೆ ಸೇರಿಲ್ಲ.

ಇನ್ನೊಂದು ಲಾಭ ಅದೇ ವರ್ಷದ ಸೆಪ್ಟೆಂಬರ್‌ನಿಂದ ಶುರುವಾಯಿತು. ವಾರಕ್ಕೆ 16 ಗಂಟೆಯ ಕನಿಷ್ಠ ಕೂಲಿಯಷ್ಟಾದರೂ ದುಡಿಯುವವರ ಮಗುವಿಗೆ, ಒಂಬತ್ತು ತಿಂಗಳಾದ ಮೇಲೆ, ಶಾಲೆ ನಡೆಯುವ ವಾರಗಳಲ್ಲಿ 30 ಗಂಟೆ ನರ್ಸರಿ ಸರ್ಕಾರದ ಖರ್ಚು. ಸೆಪ್ಟೆಂಬರ್‌ನಿಂದ ಬೇಕಿದ್ದರೆ ಆಗಸ್ಟ್ 31ರೊಳಗೆ ಸರ್ಕಾರಕ್ಕೆ ಅರ್ಜಿ ಹಾಕಿ, ನರ್ಸರಿಗೆ ಕೊಡುವ ಕೋಡ್ ತೆಗೆದುಕೊಂಡಿರಬೇಕು, ತಪ್ಪಿದರೆ ಜನವರಿಯವರೆಗೆ ಕಾಯಬೇಕು. ನಾನು ಜುಲೈನಲ್ಲೇ ತೆಗೆದೆ. ನರ್ಸರಿ ಬಿಲ್ಲು ಈಗ ಮೂರನೇ ಒಂದು ಭಾಗಕ್ಕೆ ಇಳಿದಿದೆ. ಆ ಕೋಡನ್ನು ಮೂರು ತಿಂಗಳಿಗೊಮ್ಮೆ ಮತ್ತೆ ಖಚಿತಪಡಿಸಬೇಕು, ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.