ಹೊಸ ಕಾರಿನ ಕೊಟೇಶನ್ ಓದುವ ಬಗೆ, ಚೌಕಾಸಿ ಮಾಡುವ ಬಗೆ

ಶೋರೂಮಿನ ಗಾಜಿನ ಬಾಗಿಲು ದಾಟಿ ಕುರ್ಚಿಯಲ್ಲಿ ಕುಳಿತ ತಕ್ಷಣ ನಮ್ಮಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ‘ಎಷ್ಟು ಡಿಸ್ಕೌಂಟ್ ಕೊಡ್ತೀರಿ?’ ಎಂಬುದು. ಮಾರುವವರಿಗೆ ಇದಕ್ಕಿಂತ ಅನುಕೂಲವಾದ ಪ್ರಶ್ನೆ ಇನ್ನೊಂದಿಲ್ಲ. ಬೆಲೆಯಲ್ಲಿ ಇಪ್ಪತ್ತೈದು ಸಾವಿರ ಇಳಿಸಿದೆವೆಂದು ಒಂದು ಸಾಲಿನಲ್ಲಿ ತೋರಿಸಿ, ವಿಮೆ, ಆಕ್ಸೆಸರಿ, ಹ್ಯಾಂಡ್ಲಿಂಗ್ ಚಾರ್ಜ್ ಮುಂತಾದ ಬೇರೆ ಸಾಲುಗಳಲ್ಲಿ ಅದನ್ನು ಸದ್ದಿಲ್ಲದೆ ಮರಳಿ ಪಡೆಯಲು ಕೊಟೇಶನ್ ಎಂಬ ಹಾಳೆಯಲ್ಲಿ ಬೇಕಾದಷ್ಟು ಜಾಗವಿರುತ್ತದೆ. ಆದ್ದರಿಂದ ಕಾರಿನ ಚೌಕಾಸಿ ಎಂದರೆ ಆ ಹಾಳೆಯ ಒಂದೊಂದು ಸಾಲನ್ನೂ ಪ್ರತ್ಯೇಕವಾಗಿ ಪ್ರಶ್ನಿಸಿ, ಕೊನೆಗೆ ನಮ್ಮ ಕೈಯಿಂದ ಹೋಗುವ ಒಟ್ಟು ಮೊತ್ತವನ್ನು ಮಾತ್ರ ಹೋಲಿಸುವುದು. ಇದಕ್ಕೆ ಮಾತಿನ ಮೋಡಿ ಬೇಕಿಲ್ಲ. ಮನೆಯಲ್ಲಿ ಒಂದು ಸಂಜೆ ಕುಳಿತು ಮಾಡುವ ಲೆಕ್ಕ, ಜೊತೆಗೆ ಮೆಚ್ಚಿದ ಕಾರನ್ನು ಬಿಟ್ಟು ಎದ್ದು ಬರುವಷ್ಟು ಗಟ್ಟಿತನ ಇದ್ದರೆ ಸಾಕು.

ಮೊದಲು ಹಾಳೆಯನ್ನು ಬಿಡಿಸಿ ಓದಿ

ಎಕ್ಸ್-ಶೋರೂಮ್ ಬೆಲೆಯಲ್ಲಿ ಕಾರಿನ ಮೂಲ ಬೆಲೆ, ಜಿಎಸ್‌ಟಿ ಮತ್ತು ಡೀಲರ್‌ನ ಲಾಭಾಂಶ ಸೇರಿರುತ್ತವೆ. 2025ರ ಸೆಪ್ಟೆಂಬರ್ 22ರಿಂದ, ಉದ್ದ ನಾಲ್ಕು ಮೀಟರ್ ಮೀರದ, 1,200 ಸಿಸಿವರೆಗಿನ ಪೆಟ್ರೋಲ್ ಅಥವಾ 1,500 ಸಿಸಿವರೆಗಿನ ಡೀಸೆಲ್ ಎಂಜಿನ್ ಇರುವ ಕಾರುಗಳಿಗೆ ಶೇ 18, ಅದಕ್ಕಿಂತ ದೊಡ್ಡವಕ್ಕೆ ಶೇ 40 ಹಾಗೂ ವಿದ್ಯುತ್ ಕಾರುಗಳಿಗೆ ಶೇ 5 ಜಿಎಸ್‌ಟಿ ಜಾರಿಯಲ್ಲಿದೆ. ತೆರಿಗೆ ಇಳಿದುದರಿಂದ ತಗ್ಗಿದ ಬೆಲೆಯನ್ನೇ ‘ನಮ್ಮ ವಿಶೇಷ ಆಫರ್’ ಎಂದು ಯಾರಾದರೂ ತೋರಿಸಿದರೆ ಅದನ್ನು ರಿಯಾಯಿತಿಯ ಲೆಕ್ಕಕ್ಕೆ ಹಿಡಿಯಬೇಡಿ.

ಅದರ ಕೆಳಗಿನ ದೊಡ್ಡ ಸಾಲು ಆಜೀವ ತೆರಿಗೆಯದು. ಕರ್ನಾಟಕದಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ ಈ ತೆರಿಗೆ 5 ಲಕ್ಷ ರೂಪಾಯಿವರೆಗೆ ಶೇ 13, 5ರಿಂದ 10 ಲಕ್ಷದವರೆಗೆ ಶೇ 14, 10ರಿಂದ 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18 ಇದ್ದು, ಆ ತೆರಿಗೆಯ ಮೇಲೆ ಸೆಸ್ ಬೇರೆ ಬೀಳುತ್ತದೆ. ಸರ್ಕಾರಕ್ಕೆ ಹೋಗುವ ಈ ಹಣದಲ್ಲಿ ಚೌಕಾಸಿಗೆ ಎಡೆಯಿಲ್ಲ. ಆದರೆ ಯಾವ ವೇರಿಯಂಟ್ ಕೊಳ್ಳಬೇಕೆಂದು ತೀರ್ಮಾನಿಸುವಾಗ ಈ ಕೋಷ್ಟಕ ಕಣ್ಣ ಮುಂದಿರಬೇಕು. 9.90 ಲಕ್ಷದ ಕಾರಿಗೆ 1,38,600 ರೂಪಾಯಿ ತೆರಿಗೆಯಾದರೆ, 10.10 ಲಕ್ಷದ ಕಾರಿಗೆ ಅದು 1,71,700 ಆಗುತ್ತದೆ. ಜೊತೆಗೆ ಬೆಲೆ 10 ಲಕ್ಷ ದಾಟಿದ ಕೂಡಲೇ ಶೇ 1ರಷ್ಟು ಟಿಸಿಎಸ್ (ಮಾರುವವರೇ ನಮ್ಮಿಂದ ಸಂಗ್ರಹಿಸಿ ಕಟ್ಟುವ ಆದಾಯ ತೆರಿಗೆ), ಅಂದರೆ 10,100 ರೂಪಾಯಿ ಸೇರಿಕೊಳ್ಳುತ್ತದೆ. ಹೀಗೆ ‘ಕೇವಲ ಇಪ್ಪತ್ತು ಸಾವಿರ ಹೆಚ್ಚು, ಸನ್‌ರೂಫ್ ಬರುತ್ತದೆ ಸರ್’ ಎಂಬ ಮಾತು ರಸ್ತೆಗಿಳಿಯುವ ಹೊತ್ತಿಗೆ ಅರವತ್ತು ಸಾವಿರವನ್ನು ದಾಟಿರುತ್ತದೆ. ನಮ್ಮ ಊರಿನ ಧೂಳು ಮತ್ತು ಬಿಸಿಲಿನಲ್ಲಿ ಆ ಸನ್‌ರೂಫ್ ವರ್ಷಕ್ಕೆ ಎಷ್ಟು ಬಾರಿ ತೆರೆಯುತ್ತದೆ ಎಂಬುದನ್ನು ಮನೆಯವರೇ ಲೆಕ್ಕ ಹಾಕಿಕೊಳ್ಳಬಹುದು.

ಉಳಿದ ಸಾಲುಗಳಲ್ಲಿ ಫಾಸ್ಟ್ಯಾಗ್ ಸಣ್ಣ ಮೊತ್ತದ್ದು. ಹ್ಯಾಂಡ್ಲಿಂಗ್, ಲಾಜಿಸ್ಟಿಕ್ಸ್, ಡಿಪೋ ಚಾರ್ಜ್ ಎಂಬ ಹೆಸರಿನ ಸಾಲು ಕಂಡರೆ, ಅದು ಯಾವ ಸೇವೆಗೆ, ಅದಕ್ಕೆ ಪ್ರತ್ಯೇಕ ರಸೀದಿ ಕೊಡುತ್ತೀರಾ ಎಂದು ಕೇಳಿ. ರಸೀದಿಯ ಮಾತು ಬಂದಾಗ ಈ ಸಾಲು ಅಳಿಸಿಹೋಗುವುದು ಅಪರೂಪವಲ್ಲ. ಸೀಟ್ ಕವರ್, ಮ್ಯಾಟ್, ಟೆಫ್ಲಾನ್ ಲೇಪನ ಸೇರಿದ ‘ಕಡ್ಡಾಯ’ ಆಕ್ಸೆಸರಿ ಪ್ಯಾಕ್ ಯಾವ ಕಾನೂನಿನ ಪ್ರಕಾರವೂ ಕಡ್ಡಾಯವಲ್ಲ. ಇವನ್ನು ಹೊರಗೆ ಕೊಳ್ಳಲು ಬೆಂಗಳೂರಿನವರಿಗೆ ಆಕ್ಸೆಸರಿ ಅಂಗಡಿಗಳ ಜೆ.ಸಿ. ರಸ್ತೆ ಇದೆ, ಬೇರೆ ಊರುಗಳಲ್ಲೂ ಅಂಥ ಅಂಗಡಿಗಳಿವೆ. ಆದರೆ ವೈರ್ ಕತ್ತರಿಸಿ ಜೋಡಿಸುವ ದೀಪ, ಮ್ಯೂಸಿಕ್ ಸಿಸ್ಟಂಗಳನ್ನು ಹೊರಗೆ ಹಾಕಿಸಿದರೆ ವಾರಂಟಿಗೆ ತೊಂದರೆಯಾಗಬಹುದು, ಅಷ್ಟನ್ನು ಕಂಪನಿಯಲ್ಲೇ ಮಾಡಿಸುವುದು ಕ್ಷೇಮ.

ವಿಮೆಯ ಸಾಲಿನಲ್ಲೇ ಹೆಚ್ಚು ಉಳಿತಾಯ

ಕೊಟೇಶನ್ನಿನಲ್ಲಿ ಅತಿ ಹೆಚ್ಚು ಎಳೆದಾಡಬಹುದಾದ ಸಾಲು ವಿಮೆಯದು, ಮತ್ತು ಅತಿ ಕಡಿಮೆ ಜನ ಮುಟ್ಟುವ ಸಾಲೂ ಅದೇ. ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ನಿಯಮವಿಲ್ಲ. ಕಾರಿನ ನೋಂದಣಿಗೆ ಬೇಕಾಗಿರುವುದು ಊರ್ಜಿತ ಪಾಲಿಸಿ ಮಾತ್ರ, ಅದನ್ನು ಯಾರಿಂದ ಪಡೆದಿರಿ ಎಂಬುದು ನಿಮಗೆ ಬಿಟ್ಟದ್ದು.

ಈ ಪಾಲಿಸಿಯಲ್ಲಿ ಎರಡು ಭಾಗಗಳಿವೆ. ಮೂರನೆಯ ವ್ಯಕ್ತಿಗೆ ಆಗುವ ಹಾನಿಯ ವಿಮೆಯನ್ನು, ಅಂದರೆ ಥರ್ಡ್ ಪಾರ್ಟಿ ಭಾಗವನ್ನು, ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಒಟ್ಟಿಗೆ ಮೂರು ವರ್ಷಕ್ಕೆ ಮಾಡಿಸಬೇಕು. ಇದರ ದರವನ್ನು ಸರ್ಕಾರವೇ ನಿಗದಿಪಡಿಸುತ್ತದೆ: 2022ರ ಜೂನ್‌ನ ದರಪಟ್ಟಿಯಂತೆ 1,000 ಸಿಸಿವರೆಗೆ 6,521 ರೂಪಾಯಿ, 1,500 ಸಿಸಿವರೆಗೆ 10,640, ಅದಕ್ಕೂ ಮೇಲೆ 24,596, ಎಲ್ಲಕ್ಕೂ ಜಿಎಸ್‌ಟಿ ಪ್ರತ್ಯೇಕ. ಯಾವ ಕಂಪನಿಗೆ ಹೋದರೂ ಈ ಭಾಗ ಬದಲಾಗುವುದಿಲ್ಲ. ಬದಲಾಗುವುದು ನಿಮ್ಮ ಕಾರಿಗೆ ಆಗುವ ಹಾನಿಯ ಭಾಗ ಮತ್ತು ಅದಕ್ಕೆ ಜೋಡಿಸುವ ಝೀರೋ ಡೆಪ್ರಿಸಿಯೇಷನ್ (ಬಿಡಿಭಾಗಗಳ ಸವಕಳಿ ಕಳೆಯದೆ ಕೊಡುವ ಪರಿಹಾರ), ಎಂಜಿನ್ ರಕ್ಷಣೆ, ರಿಟರ್ನ್ ಟು ಇನ್‌ವಾಯ್ಸ್ (ಕಾರು ಪೂರ್ತಿ ಕೈತಪ್ಪಿದರೆ ಕೊಂಡ ಬೆಲೆಯನ್ನೇ ಕೊಡುವುದು) ಮುಂತಾದ ಹೆಚ್ಚುವರಿಗಳು.

ಶೋರೂಮಿನ ವಿಮಾ ಕೊಟೇಶನ್ ಪಡೆದು, ಅದೇ ಐಡಿವಿ, ಅವೇ ಹೆಚ್ಚುವರಿಗಳನ್ನು ಇಟ್ಟುಕೊಂಡು ಬೇರೆ ಎರಡು ಕಂಪನಿಗಳ ದರವನ್ನು ಆನ್‌ಲೈನ್‌ನಲ್ಲಿ ನೋಡಿ. ಐಡಿವಿ ಎಂದರೆ ಕಾರು ಕಳವಾದರೆ ಅಥವಾ ಪೂರ್ತಿ ನಾಶವಾದರೆ ವಿಮಾ ಕಂಪನಿ ಕೊಡಬೇಕಾದ ಗರಿಷ್ಠ ಮೊತ್ತ. ಹೊಚ್ಚ ಹೊಸ ಕಾರಿಗೆ ಅದು ಸಾಮಾನ್ಯವಾಗಿ ಎಕ್ಸ್-ಶೋರೂಮ್ ಬೆಲೆಯ ಶೇ 95. ಇದನ್ನು ತಗ್ಗಿಸಿ ಕಂತು ಕಡಿಮೆ ತೋರಿಸುವುದು ಸುಲಭ, ಆದ್ದರಿಂದ ಐಡಿವಿ ಸಮವಿಲ್ಲದ ಎರಡು ದರಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ. ಹೊರಗಿನ ದರ ಕಡಿಮೆ ಇದ್ದರೆ ಆ ಹಾಳೆಯನ್ನು ಶೋರೂಮಿನವರ ಮುಂದಿಡಿ. ವಿಮೆಯ ಕಮಿಷನ್ ಪೂರ್ತಿ ಕೈತಪ್ಪುವುದಕ್ಕಿಂತ ದರ ಇಳಿಸುವುದೇ ಲೇಸು ಎಂದು ಅವರು ಅನೇಕ ವೇಳೆ ಸರಿಸಮ ಮಾಡಿಕೊಡುತ್ತಾರೆ.

ಹಳೆಯ ಕಾರು ಇದ್ದವರು ಮರೆಯುವ ಒಂದು ಸಂಗತಿಯಿದೆ. ಕ್ಲೇಮ್ ಮಾಡದೆ ಕಳೆದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್ (ಎನ್‌ಸಿಬಿ), ಕಾರಿಗೆ ಸೇರಿದ್ದಲ್ಲ, ಮಾಲೀಕರಿಗೆ ಸೇರಿದ್ದು. ಸತತ ಐದು ವರ್ಷ ಕ್ಲೇಮ್ ಮಾಡದವರಿಗೆ ಅದು ಶೇ 50ರಷ್ಟಿರುತ್ತದೆ. ಹಳೆಯ ಕಾರನ್ನು ಮಾರಿ, ಹಳೆಯ ವಿಮಾ ಕಂಪನಿಯಿಂದ ಎನ್‌ಸಿಬಿ ಪತ್ರ ಪಡೆದು ಹೊಸ ಪಾಲಿಸಿಗೆ ವರ್ಗಾಯಿಸಿದರೆ, ಸ್ವಂತ ಹಾನಿಯ ಭಾಗದ 24,000 ರೂಪಾಯಿ ಕಂತು 12,000ಕ್ಕೆ ಇಳಿಯುತ್ತದೆ. ಇಷ್ಟು ದೊಡ್ಡ ಮೊತ್ತವನ್ನು ಎಷ್ಟೋ ಗ್ರಾಹಕರು ಕೇಳದೆಯೇ ಬಿಟ್ಟುಬರುತ್ತಾರೆ.

ಸಾಲವನ್ನು ಶೋರೂಮಿಗೆ ಹೋಗುವ ಮೊದಲೇ ಗೊತ್ತುಮಾಡಿಕೊಳ್ಳಿ

‘ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?’ ಎಂದು ಸೇಲ್ಸ್ ಎಕ್ಸಿಕ್ಯೂಟಿವ್ ಕೇಳಿದರೆ ಉತ್ತರ ಹೇಳುವ ಅಗತ್ಯವಿಲ್ಲ. ಕಂತು ಹೊಂದುವಂತೆ ಮಾಡಲು ಅವಧಿಯನ್ನು ಐದರಿಂದ ಏಳು ವರ್ಷಕ್ಕೆ ಎಳೆದರಾಯಿತು. ಕಾರಿನ ಬೆಲೆ ಅಲ್ಲಿ ಮಾತಿನಿಂದಲೇ ಮರೆಯಾಗುತ್ತದೆ. ಮೊದಲು ನಿಮ್ಮ ಖಾತೆಯಿರುವ ಬ್ಯಾಂಕಿನಲ್ಲಿ ಬಡ್ಡಿದರ ತಿಳಿದುಕೊಳ್ಳಿ. 8 ಲಕ್ಷ ರೂಪಾಯಿ ಸಾಲವನ್ನು ಐದು ವರ್ಷಕ್ಕೆ ಶೇ 9ರ ದರದಲ್ಲಿ ಪಡೆದರೆ ಕಂತು ಸುಮಾರು 16,607 ರೂಪಾಯಿ, ಶೇ 10ರಲ್ಲಿ ಸುಮಾರು 16,998. ತಿಂಗಳ ಲೆಕ್ಕದಲ್ಲಿ ಇದು ಕಣ್ಣಿಗೆ ಬೀಳದ ವ್ಯತ್ಯಾಸ, ಐದು ವರ್ಷಕ್ಕೆ 23 ಸಾವಿರಕ್ಕೂ ಹೆಚ್ಚು. ಅದೇ ಶೇ 9ನ್ನು ‘ಫ್ಲಾಟ್’ ದರವೆಂದು ಹೇಳಿದರಂತೂ ಬಡ್ಡಿ 1.96 ಲಕ್ಷದ ಬದಲು 3.60 ಲಕ್ಷವಾಗುತ್ತದೆ, ಏಕೆಂದರೆ ಅಲ್ಲಿ ತೀರಿಸಿದ ಅಸಲಿನ ಮೇಲೂ ಕೊನೆಯವರೆಗೆ ಬಡ್ಡಿ ಬೀಳುತ್ತಲೇ ಇರುತ್ತದೆ.

2024ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಇಂಥ ಸಾಲಗಳಿಗೆ ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರವನ್ನು ತೋರಿಸುವ ಮುಖ್ಯಾಂಶಗಳ ಪತ್ರವನ್ನು ಕೊಡಲೇಬೇಕು. ಶೋರೂಮಿನವರು ತಂದುಕೊಡುವ ಸಾಲಕ್ಕೂ ಆ ಪತ್ರವನ್ನು ಕೇಳಿ ಪಡೆದು, ಅವಧಿಗೆ ಮುನ್ನ ತೀರಿಸಿದರೆ ದಂಡವೆಷ್ಟು ಎಂಬುದನ್ನು ಓದಿ ನೋಡಿ.

ಆಷಾಢದಲ್ಲಿ ಮಾತು, ಶ್ರಾವಣದಲ್ಲಿ ಕೀಲಿ

ಚೌಕಾಸಿಗೆ ಕಾಲ ಕೂಡಿಬರಬೇಕು. ತಿಂಗಳ ಕೊನೆಯ ವಾರದಲ್ಲಿ, ಅದರಲ್ಲೂ ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ಕೊನೆಯಲ್ಲಿ, ಮಾರಾಟದ ಗುರಿ ಮುಟ್ಟುವ ಒತ್ತಡ ಡೀಲರ್‌ಗಳ ಮೇಲಿರುತ್ತದೆ. ಯಾರ್ಡಿನಲ್ಲಿ ನಿಂತ ಕಾರಿಗೆ ಅವರು ಸಾಮಾನ್ಯವಾಗಿ ಬ್ಯಾಂಕ್ ಸಾಲದ ಬಡ್ಡಿ ಕಟ್ಟುತ್ತಿರುತ್ತಾರೆ, ಆದ್ದರಿಂದ ಕಾರು ನಿಂತಷ್ಟೂ ನಿಮ್ಮ ಮಾತಿಗೆ ಬಲ ಹೆಚ್ಚು.

ನಮ್ಮ ರಾಜ್ಯಕ್ಕೆ ಇನ್ನೊಂದು ಪಂಚಾಂಗವೂ ಇದೆ. ಯುಗಾದಿ, ವರಮಹಾಲಕ್ಷ್ಮಿ ಹಬ್ಬ, ಆಯುಧಪೂಜೆ, ದೀಪಾವಳಿಗಳಲ್ಲಿ ಶೋರೂಮಿನಲ್ಲಿ ನಿಲ್ಲಲು ಜಾಗವಿರುವುದಿಲ್ಲ. ‘ಹಬ್ಬದ ಆಫರ್’ ಎಂಬ ಫಲಕ ತೂಗುತ್ತಿದ್ದರೂ ಬೇಡಿಕೆಯ ಮಾದರಿಗಳಲ್ಲಿ ಯಾರೂ ಬಗ್ಗಬೇಕಾದ ಪ್ರಮೇಯ ಬರುವುದಿಲ್ಲ. ಆಷಾಢದಲ್ಲಿ ಮತ್ತು ನವರಾತ್ರಿಗೆ ಮುಂಚಿನ ಪಕ್ಷಮಾಸದಲ್ಲಿ ಅದೇ ಶೋರೂಮು ಬಿಕೋ ಎನ್ನುತ್ತಿರುತ್ತದೆ. ಮುಹೂರ್ತದ ನಂಬಿಕೆ ಇಲ್ಲದವರು ಆಗಲೇ ಕೊಳ್ಳಬಹುದು. ನಂಬಿಕೆ ಇದ್ದವರೂ ಆಷಾಢದಲ್ಲಿ ಬೆಲೆ ಗೊತ್ತುಮಾಡಿ, ಬುಕಿಂಗ್ ಪತ್ರದಲ್ಲಿ ಅದನ್ನು ಬರೆಸಿಕೊಂಡು, ಶ್ರಾವಣದಲ್ಲಿ ಡೆಲಿವರಿ ತೆಗೆದುಕೊಳ್ಳಬಹುದು. ಮನೆಯ ಹಿರಿಯರಿಗೂ ಸಮಾಧಾನ. ತಿಂಗಳುಗಟ್ಟಲೆ ಕಾಯಬೇಕಾದ, ಆಗಷ್ಟೇ ಬಿಡುಗಡೆಯಾದ ಮಾದರಿಗೆ ಮಾತ್ರ ಈ ಯಾವ ಲೆಕ್ಕವೂ ನಡೆಯದು. ಅಂಥ ಕಾರಿನಲ್ಲಿ ವಿಮೆ ಮತ್ತು ಆಕ್ಸೆಸರಿಗಳನ್ನು ಹೇರದಂತೆ ನೋಡಿಕೊಂಡರೆ ಅದೇ ಗೆಲುವು.

ಜನವರಿಯಲ್ಲಿ ಕೊಳ್ಳುವವರು ಹಿಂದಿನ ವರ್ಷ ತಯಾರಾದ ಕಾರು ಸಿಕ್ಕರೆ ಬೆಲೆಯನ್ನು ಇನ್ನೂ ಜಗ್ಗಬೇಕು. ಮುಂದೆ ಮಾರುವ ಹೊತ್ತಿಗೆ ಬೆಲೆ ಕಟ್ಟುವವರು ತಯಾರಿಕೆಯ ವರ್ಷವನ್ನು ನೋಡುತ್ತಾರೆ, ಆರ್‌ಸಿಯಲ್ಲಿ ಅದು ನಮೂದಾಗಿರುತ್ತದೆ. ಏಳೆಂಟು ವರ್ಷ ಅದೇ ಕಾರನ್ನು ಓಡಿಸುವವರಿಗೆ ಇದು ಒಳ್ಳೆಯ ವ್ಯವಹಾರವೇ.

ಮಾತುಕತೆ

ಒಂದೇ ಕಂಪನಿಯ ಕನಿಷ್ಠ ಮೂರು ಡೀಲರ್‌ಗಳಿಂದ ಒಂದೇ ವೇರಿಯಂಟ್‌ಗೆ ಲಿಖಿತ ಕೊಟೇಶನ್ ಪಡೆಯಿರಿ. ಬೆಂಗಳೂರಿನವರು ತುಮಕೂರು, ಮೈಸೂರಿನ ಡೀಲರ್‌ಗಳನ್ನೂ ಕೇಳಬಹುದು. ಟೆಸ್ಟ್ ಡ್ರೈವ್ ಮತ್ತು ಬೆಲೆಯ ಮಾತು ಒಂದೇ ದಿನ ಬೇಡ. ಹೊಸ ಕಾರಿನ ವಾಸನೆ ಮೂಗಿನಲ್ಲಿರುವಾಗ, ಹಿಂದಿನ ಸೀಟಿನಲ್ಲಿ ಮಕ್ಕಳು ಕುಣಿಯುತ್ತಿರುವಾಗ ಯಾರಿಗೂ ಲೆಕ್ಕ ಹತ್ತುವುದಿಲ್ಲ.

ಸೇಲ್ಸ್ ಎಕ್ಸಿಕ್ಯೂಟಿವ್‌ಗೆ ಬೆಲೆ ಇಳಿಸುವ ಅಧಿಕಾರ ಅಲ್ಪ. ಅವರನ್ನು ಗೌರವದಿಂದ ಕಾಣಿ, ಗದರಬೇಡಿ, ಆದರೆ ಕೊನೆಯ ಮಾತನ್ನು ಸೇಲ್ಸ್ ಮ್ಯಾನೇಜರ್ ಜೊತೆ ಆಡಿ. ‘ಇನ್ನೊಂದು ಕಡೆ ಇದೇ ವಿಮೆ, ಇದೇ ವಾರಂಟಿಯೊಂದಿಗೆ ಒಟ್ಟು ಇಷ್ಟಾಗುತ್ತದೆ, ನೀವು ಇಷ್ಟಕ್ಕೆ ಕೊಟ್ಟರೆ ಇವತ್ತೇ ಬುಕ್ ಮಾಡುತ್ತೇನೆ’ ಎಂಬ ಒಂದು ವಾಕ್ಯ ಸಾಕು. ಹೇಳಿದ ಮೇಲೆ ಸುಮ್ಮನಿರಿ. ನಗದು ರಿಯಾಯಿತಿಯ ಹೊರತಾಗಿ ಎಕ್ಸ್‌ಚೇಂಜ್ ಬೋನಸ್, ಕಾರ್ಪೊರೇಟ್ ರಿಯಾಯಿತಿ, ಅದೇ ಕಂಪನಿಯ ಹಳೆಯ ಗ್ರಾಹಕರಿಗೆ ಕೊಡುವ ಲಾಯಲ್ಟಿ ಬೋನಸ್‌ಗಳಲ್ಲಿ ಯಾವುದು ನಿಮಗೆ ಅನ್ವಯಿಸುತ್ತದೆ ಎಂದು ಒಂದೊಂದಾಗಿ ಕೇಳಿ. ನೀವಾಗಿ ಹೆಸರು ಹಿಡಿದು ಕೇಳದಿದ್ದರೆ ಇವು ತಾವಾಗಿ ಬರುವುದು ಕಡಿಮೆ. ಬೆಲೆಯಲ್ಲಿ ಕಡಿತದ ಬದಲು ಉಚಿತ ಆಕ್ಸೆಸರಿ ಕೊಡುತ್ತೇವೆಂದರೆ ಒಪ್ಪುವ ಮುನ್ನ ಅವುಗಳ ಹೊರಗಿನ ಬೆಲೆಯನ್ನು ಹಿಡಿಯಿರಿ. ಪಟ್ಟಿಯಲ್ಲಿ ಬರೆದ ಬೆಲೆ ಲೆಕ್ಕಕ್ಕಿಲ್ಲ.

ಹಳೆಯ ಕಾರಿನ ಮಾತನ್ನು ಹೊಸ ಕಾರಿನ ಬೆಲೆ ತೀರ್ಮಾನವಾದ ಮೇಲಷ್ಟೇ ಎತ್ತಿ. ಎರಡೂ ಒಟ್ಟಿಗೆ ಬಂದರೆ ಒಂದರಲ್ಲಿ ಏರಿಸಿ ಇನ್ನೊಂದರಲ್ಲಿ ಇಳಿಸುವ ಆಟ ಶುರುವಾಗುತ್ತದೆ. ಎಕ್ಸ್‌ಚೇಂಜ್‌ಗೆ ಕೊಡುವುದೇ ಆದರೆ ಒಪ್ಪಿಸಿದ ದಿನಾಂಕ ಮತ್ತು ಸಮಯ ಬರೆದ ರಸೀದಿ ಪಡೆದು, ಆರ್‌ಸಿ ವರ್ಗಾವಣೆ ಆಗುವವರೆಗೆ ಬೆನ್ನು ಬಿಡಬೇಡಿ. ಅಪಘಾತವಾದರೆ ಕಾನೂನು ಮೊದಲು ನೋಡುವುದು ಆರ್‌ಸಿಯಲ್ಲಿರುವ ಹೆಸರನ್ನು.

ಬುಕಿಂಗ್‌ನಿಂದ ಕೀಲಿಯವರೆಗೆ

ಬುಕಿಂಗ್ ಹಣವನ್ನು ಡೀಲರ್ ಸಂಸ್ಥೆಯ ಖಾತೆಗೇ ಹಾಕಿ. ಎಕ್ಸಿಕ್ಯೂಟಿವ್‌ನ ಸ್ವಂತ ಯುಪಿಐಗೆ ಒಂದು ರೂಪಾಯಿಯೂ ಬೇಡ. ಬುಕಿಂಗ್ ಪತ್ರದಲ್ಲಿ ವೇರಿಯಂಟ್, ಬಣ್ಣ, ಒಪ್ಪಿದ ರಿಯಾಯಿತಿಗಳು, ರದ್ದುಮಾಡಿದರೆ ಹಣ ಮರಳಿಸುವ ಷರತ್ತು ಇರಬೇಕು. ‘ಡೆಲಿವರಿ ದಿನದ ಬೆಲೆ ಅನ್ವಯ’ ಎಂಬ ಮುದ್ರಿತ ಸಾಲು ಬಹುತೇಕ ಎಲ್ಲ ಪತ್ರಗಳಲ್ಲೂ ಇರುತ್ತದೆ. ಕಂಪನಿ ಬೆಲೆ ಏರಿಸಿದರೆ ಅದು ನಿಮ್ಮ ಮೇಲೆ ಬೀಳುತ್ತದೆ, ಆದರೂ ಡೀಲರ್ ಒಪ್ಪಿದ ರಿಯಾಯಿತಿ ಹಾಗೇ ಉಳಿಯಬೇಕೆಂದು ಬರೆಸಿಕೊಳ್ಳಬಹುದು.

ನೋಂದಣಿಗೆ ಮೊದಲು, ಪೂರ್ತಿ ಹಣ ಕಟ್ಟುವುದಕ್ಕೂ ಮೊದಲು, ನಿಮಗೆ ಕೊಡಲಿರುವ ಕಾರನ್ನೇ ಹಗಲು ಬೆಳಕಿನಲ್ಲಿ ನೋಡಬೇಕು. ನಿಮ್ಮ ಹೆಸರಿಗೆ ನೋಂದಣಿಯಾದ ಕಾರನ್ನು ಬದಲಿಸಿಕೊಡಿ ಎಂದು ಕೇಳುವುದು ಬಹಳ ಕಷ್ಟ. 17 ಅಕ್ಷರ ಮತ್ತು ಅಂಕಿಗಳ ಚಾಸಿ ಸಂಖ್ಯೆ ಕಾಗದದಲ್ಲಿರುವುದಕ್ಕೆ ಹೊಂದುತ್ತದೆಯೇ, ತಯಾರಕ ಕಂಪನಿ ಕೊಡುವ ಪ್ರಮಾಣಪತ್ರವಾದ ಫಾರಂ 22ರಲ್ಲಿರುವ ತಯಾರಿಕೆಯ ತಿಂಗಳು ಹೇಳಿದ್ದೇ ಆಗಿದೆಯೇ, ಓಡೋಮೀಟರ್ ಎಷ್ಟು ತೋರಿಸುತ್ತಿದೆ ಎಂದು ಪರೀಕ್ಷಿಸಿ. ಟೈರಿನ ಮೇಲೆ ನಾಲ್ಕಂಕಿಯ ದಿನಾಂಕ ಇರುತ್ತದೆ: 2325 ಎಂದರೆ 2025ರ 23ನೆಯ ವಾರದಲ್ಲಿ ತಯಾರಾದದ್ದು. ಸ್ಪೇರ್ ಚಕ್ರವನ್ನೂ ಬಿಡಬೇಡಿ. ಬಾಗಿಲಂಚಿನ ಬಣ್ಣ, ಗಾಜುಗಳ ಮೇಲಿನ ಗೀರು ನೋಡಲು ಹತ್ತು ನಿಮಿಷ ಸಾಕು.

ಡೆಲಿವರಿ ದಿನ ಅಂತಿಮ ಇನ್‌ವಾಯ್ಸ್ ಅನ್ನು ಮೊದಲಿನ ಕೊಟೇಶನ್ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿ, ಆಮೇಲೆ ನಿಂಬೆಹಣ್ಣಿನ ಮೇಲೆ ಚಕ್ರ ಹರಿಸಿ. 10 ಲಕ್ಷ ದಾಟಿದ ಕಾರಿಗೆ ನೀವು ಕಟ್ಟಿದ ಟಿಸಿಎಸ್ ನಿಮ್ಮ ಪ್ಯಾನ್ ಸಂಖ್ಯೆಯ ಮೇಲೆ ಆದಾಯ ತೆರಿಗೆ ಇಲಾಖೆಯ ದಾಖಲೆಯಲ್ಲಿ ಕಾಣಬೇಕು. ಪ್ಯಾನ್ ಸರಿಯಾಗಿ ನಮೂದಾಗಿದೆಯೇ ನೋಡಿಕೊಂಡು, ರಿಟರ್ನ್ಸ್ ಸಲ್ಲಿಸುವಾಗ ಆ ಮೊತ್ತವನ್ನು ತೆರಿಗೆಗೆ ಹೊಂದಿಸಿಕೊಳ್ಳಿ, ಇಲ್ಲವೇ ಮರಳಿ ಪಡೆಯಿರಿ.