ರಿಫ್ರೆಶ್ ಸಾಕಾ, ರೀಸೆಟ್ಟೇ ಬೇಕಾ? ನಾನು ಮಾಡಿ ನೋಡಿದ್ದು

ವಿಂಡೋಸ್ 10 ಅಪ್‌ಡೇಟ್ ಅರ್ಧ ಆಗಿತ್ತು, ಅಷ್ಟರಲ್ಲಿ ನನ್ನ ಲ್ಯಾಪ್‌ಟಾಪ್ ಚಾರ್ಜ್ ಮುಗಿದು ಆಫ್ ಆಯಿತು. ಮತ್ತೆ ಆನ್ ಮಾಡಿದರೆ ಸ್ಟಾರ್ಟ್ ಮೆನು ತೆರೆಯುತ್ತಿಲ್ಲ. ಸರ್ಚ್‌ನಲ್ಲಿ ಟೈಪ್ ಮಾಡಿದ್ದು ಮೂಡುತ್ತಿಲ್ಲ. ಉಳಿದದ್ದೆಲ್ಲ ಸುಮಾರಾಗಿ ನಡೆಯುತ್ತಿತ್ತು, ಅದಕ್ಕೇ ಏನು ಮಾಡುವುದು ಅಂತ ತೋಚಲಿಲ್ಲ. ಪೂರ್ತಿ ಅಳಿಸಿ ಹೊಸದಾಗಿ ಹಾಕುವಷ್ಟು ಕೆಟ್ಟಿದೆಯಾ, ಇಲ್ಲ ಸ್ವಲ್ಪ ಸರಿಮಾಡಿದರೆ ಸಾಕಾ?

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. 2012ರಲ್ಲಿ ವಿಂಡೋಸ್ 8 ಬಂದಾಗ ರಿಫ್ರೆಶ್, ರೀಸೆಟ್ ಅಂತ ಎರಡು ಬೇರೆ ಬೇರೆ ಆಯ್ಕೆ ಇತ್ತು. ರಿಫ್ರೆಶ್ ಮಾಡಿದರೆ ನಮ್ಮ ಫೈಲ್‌ಗಳು ಉಳಿಯುತ್ತವೆ, ರೀಸೆಟ್ ಮಾಡಿದರೆ ಎಲ್ಲ ಹೋಗುತ್ತದೆ. ವಿಂಡೋಸ್ 10ರಲ್ಲಿ 'ರೀಸೆಟ್ ದಿಸ್ ಪಿಸಿ' ಅನ್ನುವ ಒಂದೇ ಬಾಗಿಲು. ಒಳಗೆ ಹೋದ ಮೇಲೆ 'ಕೀಪ್ ಮೈ ಫೈಲ್ಸ್' ಬೇಕಾ, 'ರಿಮೂವ್ ಎವ್ರಿಥಿಂಗ್' ಬೇಕಾ ಅಂತ ಕೇಳುತ್ತದೆ. ಹಳೆಯ ರಿಫ್ರೆಶ್‌ಗೆ ಹತ್ತಿರ ಇರುವುದು ಮೊದಲನೆಯದು. ಈಗಲೂ ಜನ ಅದನ್ನು ರಿಫ್ರೆಶ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ನೇರವಾಗಿ ಅದಕ್ಕೆ ಕೈ ಹಾಕಲಿಲ್ಲ. ಸ್ಟಾರ್ಟ್ ಮೆನು ಇಲ್ಲದಿದ್ದರೂ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ, ಅಲ್ಲಿಂದ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ (ಆಜ್ಞೆ ಟೈಪ್ ಮಾಡುವ ಕಿಟಕಿ) ತೆರೆದು, ವಿಂಡೋಸ್‌ನ ಸ್ವಂತ ಫೈಲ್‌ಗಳು ಕೆಟ್ಟಿವೆಯಾ ಅಂತ ನೋಡಿ ಸರಿಮಾಡುವ ಸಿಸ್ಟಂ ಫೈಲ್ ಚೆಕ್ಕರ್ ಓಡಿಸಿದೆ. ಕೆಲವು ಫೈಲ್ ಕೆಟ್ಟಿವೆ, ರಿಪೇರಿ ಆಗಲಿಲ್ಲ ಅಂತ ಹೇಳಿತು. ಆಮೇಲೆ ಹೊಸ ಯೂಸರ್ ಅಕೌಂಟ್ ಒಂದು ಮಾಡಿ ಲಾಗಿನ್ ಆದೆ. ಇದು ತುಂಬಾ ಉಪಯೋಗದ ಪರೀಕ್ಷೆ, ಯಾರೂ ಬಿಡಬೇಡಿ. ಹೊಸ ಅಕೌಂಟ್‌ನಲ್ಲಿ ಎಲ್ಲ ಸರಿ ಇದ್ದರೆ ತೊಂದರೆ ನಿಮ್ಮ ಪ್ರೊಫೈಲ್‌ನಲ್ಲಿದೆ, ಫೈಲ್‌ಗಳನ್ನು ಅಲ್ಲಿಗೆ ಸಾಗಿಸಿಕೊಂಡರೆ ಮುಗಿಯಿತು. ನನಗೆ ಅಲ್ಲೂ ಸ್ಟಾರ್ಟ್ ಮೆನು ತೆರೆಯಲಿಲ್ಲ. ಅಂದರೆ ಕೆಟ್ಟಿರುವುದು ವಿಂಡೋಸೇ, ನನ್ನ ಫೈಲ್‌ಗಳಲ್ಲಿ ಏನೂ ದೋಷ ಇಲ್ಲ. ಹಾಗಾದರೆ ಅವನ್ನು ಯಾಕೆ ಅಳಿಸಬೇಕು? ರಿಫ್ರೆಶ್ ಅಂತ ತೀರ್ಮಾನ ಮಾಡಿದೆ.

ಮೊದಲ ಸಲ 'ಲೋಕಲ್ ರೀಇನ್‌ಸ್ಟಾಲ್' ಆರಿಸಿದೆ. ಸ್ವಲ್ಪ ದೂರ ಹೋಗಿ, ರೀಸೆಟ್ ಆಗಲಿಲ್ಲ, ಏನೂ ಬದಲಾಗಿಲ್ಲ ಅನ್ನುವ ಸಂದೇಶ ಬಂತು. ಲೋಕಲ್ ಅಂದರೆ ಡಿಸ್ಕ್‌ನಲ್ಲಿ ಈಗಾಗಲೇ ಇರುವ ಫೈಲ್‌ಗಳಿಂದಲೇ ವಿಂಡೋಸ್ ಕಟ್ಟುವುದು. ಆ ಫೈಲ್‌ಗಳೇ ಕೆಟ್ಟಿದ್ದರೆ ಹೇಗೆ ಕಟ್ಟೀತು? ಎರಡನೇ ಸಲ 'ಕ್ಲೌಡ್ ಡೌನ್‌ಲೋಡ್' ಆರಿಸಿದೆ. ಇದು 2020ರ ಅಪ್‌ಡೇಟ್‌ನಿಂದ ಬಂದ ಆಯ್ಕೆ, ಸುಮಾರು 4 ಜಿಬಿ ಡೌನ್‌ಲೋಡ್ ಆಗುತ್ತದೆ. ಡೇಟಾ ಇದ್ದವರು ಮೊದಲೇ ಇದನ್ನೇ ಆರಿಸಿ ಅಂತ ನಾನು ಹೇಳುತ್ತೇನೆ. ಈ ಸಲ ಕೆಲಸ ಆಯಿತು, ಸ್ಟಾರ್ಟ್ ಮೆನು ತೆರೆಯಿತು. ಫೋಟೋ, ಡಾಕ್ಯುಮೆಂಟ್, ಡೆಸ್ಕ್‌ಟಾಪ್ ಮೇಲಿದ್ದ ಫೋಲ್ಡರ್ ಎಲ್ಲ ಇದ್ದ ಹಾಗೇ ಇದ್ದವು.

ಆದರೆ ಬ್ರೌಸರ್ ಖಾಲಿ. ವರ್ಷಗಟ್ಟಲೆ ಕೂಡಿಸಿದ್ದ ಬುಕ್‌ಮಾರ್ಕ್‌ಗಳು ಇಲ್ಲ, ಸ್ಟಿಕಿ ನೋಟ್ಸ್‌ನಲ್ಲಿ ಬರೆದಿಟ್ಟದ್ದೂ ಇಲ್ಲ. ಆ ಹೊತ್ತು ನಿಜಕ್ಕೂ ಹೊಟ್ಟೆ ಉರಿಯಿತು. ಕಾರಣ ಇಷ್ಟೇ. ವಿಂಡೋಸ್ 'ನಿಮ್ಮ ಫೈಲ್' ಅನ್ನುವುದಕ್ಕೂ ನಾವು ಹಾಗೆ ಅಂದುಕೊಳ್ಳುವುದಕ್ಕೂ ವ್ಯತ್ಯಾಸ ಇದೆ. ಯೂಸರ್ ಫೋಲ್ಡರ್ ಒಳಗೆ 'ಆ್ಯಪ್‌ಡೇಟಾ' ಅಂತ ಒಂದು ಫೋಲ್ಡರ್ ಇರುತ್ತದೆ, ಸಾಮಾನ್ಯವಾಗಿ ಕಣ್ಣಿಗೆ ಕಾಣದ ಹಾಗೆ ಮುಚ್ಚಿಟ್ಟಿರುತ್ತದೆ. ಬ್ರೌಸರ್‌ನ ಬುಕ್‌ಮಾರ್ಕ್, ಪಾಸ್‌ವರ್ಡ್, ಬೇರೆ ಎಷ್ಟೋ ಪ್ರೋಗ್ರಾಂಗಳ ಡೇಟಾ ಎಲ್ಲ ಇರುವುದು ಅಲ್ಲೇ. ರಿಫ್ರೆಶ್ ಅದನ್ನು ಉಳಿಸುವುದಿಲ್ಲ. 'ಪ್ರೋಗ್ರಾಂ ಫೈಲ್ಸ್', 'ಪ್ರೋಗ್ರಾಂಡೇಟಾ' ಫೋಲ್ಡರ್‌ಗಳಲ್ಲಿ ಇದ್ದದ್ದೂ ಹೋಗುತ್ತದೆ, ಅಲ್ಲಿಯೇ ಲೆಕ್ಕಪತ್ರ ಉಳಿಸುವ ಹಳೆಯ ಸಾಫ್ಟ್‌ವೇರ್ ಬಳಸುವವರು ದಯವಿಟ್ಟು ಎರಡು ಸಲ ನೋಡಿಕೊಳ್ಳಿ. ನಾವೇ ಹಾಕಿಕೊಂಡ ಪ್ರೋಗ್ರಾಂಗಳೂ ಇರುವುದಿಲ್ಲ, ಏನೇನು ತೆಗೆದಿದೆ ಅನ್ನುವ ಪಟ್ಟಿ ಮಾತ್ರ ಡೆಸ್ಕ್‌ಟಾಪ್ ಮೇಲೆ ಸಿಗುತ್ತದೆ. ಅದನ್ನು ನೋಡಿಕೊಂಡು ಒಂದೊಂದಾಗಿ ಮತ್ತೆ ಹಾಕಿದೆ. ಅವತ್ತಿನಿಂದ ರಿಫ್ರೆಶ್‌ಗೂ ಪೂರ್ತಿ ಬ್ಯಾಕಪ್ ತೆಗೆದುಕೊಳ್ಳುತ್ತೇನೆ, ಬುಕ್‌ಮಾರ್ಕ್‌ಗಳನ್ನು ಬೇರೆ ಫೈಲ್ ಆಗಿ ತೆಗೆದಿಡುತ್ತೇನೆ. ಡಿಸ್ಕ್‌ಗೆ ಬಿಟ್‌ಲಾಕರ್ (ಡಿಸ್ಕ್‌ನಲ್ಲಿರುವುದನ್ನು ಬೇರೆಯವರು ಓದದ ಹಾಗೆ ಹಾಕುವ ಬೀಗ) ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳುತ್ತೇನೆ.

ಎಲ್ಲ ಅಳಿಸುವ ರೀಸೆಟ್ ಮಾಡಿದ್ದು ಅದೇ ಲ್ಯಾಪ್‌ಟಾಪನ್ನು ಬೇರೆಯವರಿಗೆ ಕೊಡುವಾಗ. ಆಗ ಯೋಚನೆಯೇ ಬೇಡ, ಅಲ್ವಾ? ಆದರೆ ಸುಮ್ನೆ ರೀಸೆಟ್ ಒತ್ತಿದರೆ ಸಾಲದು. ಸೆಟ್ಟಿಂಗ್ಸ್ ಬದಲಿಸುವ ಲಿಂಕ್ ಒಳಗೆ ಹೋಗಿ 'ಕ್ಲೀನ್ ಡೇಟಾ' ಆನ್ ಮಾಡಬೇಕು, ಇಲ್ಲದಿದ್ದರೆ ಅಳಿಸಿದ ಫೈಲ್‌ಗಳನ್ನು ರಿಕವರಿ ಸಾಫ್ಟ್‌ವೇರ್ ಹಾಕಿ ಮತ್ತೆ ತೆಗೆಯುವ ಸಾಧ್ಯತೆ ಇರುತ್ತದೆ. ಇದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು, ಚಾರ್ಜರ್ ಹಾಕಿಯೇ ಇಡಿ. ವಿಂಡೋಸ್ ಇರುವ ಡ್ರೈವ್ ಮಾತ್ರ ಅಳಿಸಬೇಕಾ, ಎಲ್ಲ ಡ್ರೈವ್‌ಗಳನ್ನಾ ಅನ್ನುವ ಪ್ರಶ್ನೆಯನ್ನೂ ನಿಧಾನವಾಗಿ ಓದಿ. ಹೊರಗಿನ ಹಾರ್ಡ್‌ಡಿಸ್ಕ್ ಚುಚ್ಚಿದ್ದರೆ ನಾನು ಮೊದಲೇ ತೆಗೆದುಬಿಡುತ್ತೇನೆ. ವೈರಸ್ ಬಂದಿದ್ದರೂ ನನ್ನ ಆಯ್ಕೆ ಇದೇ, ಯಾಕೆಂದರೆ ಆ ಕೆಟ್ಟ ಫೈಲ್ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೇ ಕೂತಿದ್ದರೆ ರಿಫ್ರೆಶ್ ಅದನ್ನೂ ಜೋಪಾನವಾಗಿ ಉಳಿಸಿಬಿಡುತ್ತದೆ.

ವಿಂಡೋಸ್ 11ರಲ್ಲಿ ಇನ್ನೊಂದು ದಾರಿ ಇದೆ. ಹೊಸ ಆವೃತ್ತಿಗಳ ರಿಕವರಿ ಪುಟದಲ್ಲಿ, ವಿಂಡೋಸ್ ಅಪ್‌ಡೇಟ್ ಮೂಲಕವೇ ವಿಂಡೋಸನ್ನು ಮತ್ತೆ ಹಾಕುವ ಆಯ್ಕೆ ಸಿಗುತ್ತದೆ. ಇದರಲ್ಲಿ ಪ್ರೋಗ್ರಾಂಗಳೂ ಸೆಟ್ಟಿಂಗ್‌ಗಳೂ ಉಳಿಯುತ್ತವೆ. ನನ್ನದರಂಥ ತೊಂದರೆಗೆ ಈಗಾದರೆ ಮೊದಲು ಇದನ್ನೇ ಮಾಡುತ್ತೇನೆ.

ಕೊನೆಗೆ ಗೆಳೆಯರೊಬ್ಬರ ಕಂಪ್ಯೂಟರ್ ವಿಷಯ. ತುಂಬಾ ನಿಧಾನ ಅಂತ ರಿಫ್ರೆಶ್ ಮಾಡಿದರು, ಎರಡು ವಾರ ಆಗುವುದರಲ್ಲಿ ಮತ್ತೆ ಅದೇ ಕಥೆ. ರೀಸೆಟ್ ಮಾಡಲು ಹೋದರೆ ಅರ್ಧಕ್ಕೇ ನಿಂತಿತು. ನಾನು ಹೋಗಿ ಡಿಸ್ಕ್‌ನ ಆರೋಗ್ಯ ಪರೀಕ್ಷೆ ಮಾಡಿದರೆ ಹಾಳಾದ ಸೆಕ್ಟರ್‌ಗಳು, ಅಂದರೆ ಡೇಟಾ ಇಡುವ ಸಣ್ಣ ಸಣ್ಣ ಭಾಗಗಳು, ಜಾಸ್ತಿ ಆಗುತ್ತಿದ್ದವು. ತೊಂದರೆ ವಿಂಡೋಸ್‌ನದಲ್ಲ, ಡಿಸ್ಕ್‌ನದೇ. ಫೈಲ್‌ಗಳನ್ನು ಮೊದಲು ಹೊರಗೆ ನಕಲು ಮಾಡಿಕೊಂಡೆವು. ಆಮೇಲೆ ಆ ಡಿಸ್ಕ್ ಬದಲು ಹೊಸ ಎಸ್‌ಎಸ್‌ಡಿ ಹಾಕಿ, 8 ಜಿಬಿ ಪೆನ್‌ಡ್ರೈವ್‌ನಿಂದ ವಿಂಡೋಸ್ ಇನ್‌ಸ್ಟಾಲ್ ಮಾಡಿದೆವು.