ಹೆಲ್ಮೆಟ್ ಏಟು ತಿಂದು 11 ತಿಂಗಳಾದ್ಮೇಲೆ ಮತ್ತೆ ಕಂಡಕ್ಟರ್ ಬ್ಯಾಗ್ ಹಾಕ್ಕೊಂಡೆ: ನನ್ನ ಅನುಭವ

ನಮ್ಮ ಕಂಡಕ್ಟರ್, ಡ್ರೈವರ್ ಅಣ್ತಮ್ಮಂದಿರಿಗೆ ಅಂತಾನೇ ಇದನ್ನ ಬರೀತಿರೋದು. ನಮ್ಮಲ್ಲಿ ಡ್ಯೂಟಿ ಮೇಲೆ ಏಟು ತಿಂದವ್ರು ಬೇಕಾದಷ್ಟು ಜನ ಇದಾರೆ, ಆದ್ರೆ ಆಮೇಲೆ ತಲೆ ಒಳಗೆ ಏನಾಯ್ತು ಅಂತ ಯಾರೂ ಬಾಯಿ ಬಿಡಲ್ಲ. ನನಗೂ ಡಿಪೋದಲ್ಲಿ "ನಿಂದು ಲೈನ್ ಮೇಲೆ ಮುಗೀತು ಗುರು, ಆಫೀಸ್ ಕೆಲ್ಸಕ್ಕೆ ಅರ್ಜಿ ಹಾಕು" ಅಂತ ಹೇಳ್ದೋರೇ ಎಲ್ಲಾ. ಈಗ ನಾಕು ತಿಂಗಳಿಂದ ತುಮಕೂರು-ತಿಪಟೂರು ಲೈನಲ್ಲಿ ಫುಲ್ ಡ್ಯೂಟಿ ಮಾಡ್ತಿದೀನಿ, ದೀಪಾವಳಿ ರಶ್ಶಲ್ಲೂ ಒಂದು ಟಿಕೆಟ್ ತಪ್ಪಿಲ್ಲ, ಬೇಕಾದ್ರೆ ಲೈನ್ ಚೆಕಿಂಗ್‌ನವ್ರನ್ನೇ ಕೇಳಿ.

ಆಗಿದ್ದಿಷ್ಟು. ರಾತ್ರಿ ಲಾಸ್ಟ್ ಟ್ರಿಪ್, ನಿಟ್ಟೂರು ದಾಟಿದ್ವಿ, ಸೈಡ್ ಕೊಡ್ಲಿಲ್ಲ ಅಂತ ಇಬ್ರು ಬೈಕ್ ಅಡ್ಡ ಹಾಕಿ ಡ್ರೈವರಣ್ಣನ್ನ ಸೀಟಿಂದ ಎಳೀತಿದ್ರು, ಬಿಡ್ಸೋಕೆ ಹೋದ ನನಗೆ ಹೆಲ್ಮೆಟ್ಟಲ್ಲಿ ಎಡಗಿವಿ ಹಿಂದೆ ಬಿತ್ತು. ಆಸ್ಪತ್ರೇಲಿ ಎಮ್ಮೆಲ್ಸಿ ಆಯ್ತು, ಅಂದ್ರೆ ಪೊಲೀಸ್ ಕೇಸಿಗೆ ಬೇಕಾದ ಗಾಯದ ದಾಖಲೆ, ಕೇಸಲ್ಲಿ ಬಿಎನ್‌ಎಸ್ 132 ಹಾಕಿದ್ರು, ಡ್ಯೂಟಿ ಮೇಲಿರೋ ಸರ್ಕಾರಿ ನೌಕರನ ಮೇಲೆ ಕೈ ಮಾಡಿದ್ರೆ ಹಾಕೋ ಸೆಕ್ಷನ್, ಐಪಿಸಿಯ ಹಳೇ 353. ಸಿಟಿ ಸ್ಕ್ಯಾನ್ ನಾರ್ಮಲ್, "ಏನೂ ಇಲ್ಲ, ಮನೇಲಿ ರೆಸ್ಟ್ ತಗೊಳ್ಳಿ" ಅಂದು ಕಳ್ಸಿದ್ರು. ಸ್ಕ್ಯಾನ್ ನಾರ್ಮಲ್ ಅಂದ್ರೆ ಒಳಗೆ ರಕ್ತ ಸೋರಿಲ್ಲ, ಬುರುಡೆ ಬಿರುಕು ಬಿಟ್ಟಿಲ್ಲ ಅಂತ ಅಷ್ಟೆ, ಕನ್ಕಷನ್, ಅಂದ್ರೆ ಏಟಿಗೆ ಮೆದುಳು ಅಲುಗಿ ಅದರ ಕೆಲ್ಸ ಏರುಪೇರಾಗೋದು, ಆ ಫಿಲ್ಮಲ್ಲಿ ಕಾಣಲ್ಲ ಅನ್ನೋದು ನನಗೆ ಗೊತ್ತಾಗಿದ್ದು ಮೂರು ತಿಂಗಳು ಕಳೆದ್ಮೇಲೆ.

ಆ ಮೂರು ತಿಂಗಳು ಪೂರ್ತಿ ವೇಸ್ಟ್. ಕಿಟಕಿಗೆ ಬೆಡ್‌ಶೀಟ್ ಕಟ್ಕೊಂಡು ಕತ್ತಲಲ್ಲಿ ಮಲಗಿದ್ದೆ, ಮನೆ ಒಳಗೂ ಕಪ್ಪು ಕನ್ನಡಕ, ಕುಕ್ಕರ್ ಕೂಗಿದ್ರೆ ತಲೆ ಸೀಳಿದಂಗೆ ಆಗೋದು, ಮಗಳು ಜೋರಾಗಿ ಓದಿದ್ರೆ ಬೈತಿದ್ದೆ. ಬಾಯಿಪಾಠ ಇದ್ದ ಸ್ಟೇಜ್‌ಗಳೇ ಮರ್ತು ಹೋಗಿ ಗುಬ್ಬಿ ಆದ್ಮೇಲೆ ಯಾವ್ದು ಅಂತ ತಡಕಾಡ್ತಿದ್ದೆ. ಅಮ್ಮ "ಮಗ ಬೆದರಿದಾನೆ" ಅಂತ ನಿಂಬೆಹಣ್ಣು ನಿವಾಳಿಸಿ ತಾಯತ ಕಟ್ಸಿದ್ರು. ಆಗ ಕತ್ತಲಲ್ಲಿದ್ದಷ್ಟೂ ಬೆಳಕು ಜಾಸ್ತಿ ಚುಚ್ಚುತ್ತೆ ಅನ್ನೋದು ನನಗೆ ಗೊತ್ತಿರ್ಲಿಲ್ಲ. ಪೂರ್ತಿ ರೆಸ್ಟ್ ಒಂದೆರಡು ದಿನಕ್ಕೆ ಸಾಕಂತೆ, ಆಮೇಲೆ ಮೆಲ್ಲಗೆ ಎದ್ದು ಓಡಾಡ್ಬೇಕಂತೆ, 2022ರಲ್ಲಿ ಆಮ್‌ಸ್ಟರ್‌ಡಾಮಲ್ಲಿ ಸೇರಿದ್ದ ಕನ್ಕಷನ್ ತಜ್ಞರು ಹೇಳಿರೋದೂ ಇದನ್ನೇ ಅಂತ ನನ್ನ ಫಿಸಿಯೋ ಮೇಡಂ ಹೇಳಿದ್ರು.

ದುಡ್ಡಿನ ವಿಷಯ ಹೇಳ್ಬಿಡ್ತೀನಿ. ಎಮ್ಮಾರೈ ಸುಮಾರು 7 ಸಾವಿರ, ಅದೂ ನಾರ್ಮಲ್. ಯಾರೋ ಹೇಳಿದ್ರು ಅಂತ ಮೆದುಳಿನ ಟಾನಿಕ್ಕು ತಿಂಗಳಿಗೆ 1,800ರಂಗೆ ಮೂರು ತಿಂಗಳು ಕುಡಿದೆ, ಬಿಡಿಗಾಸಿನ ಉಪಯೋಗ ಆಗ್ಲಿಲ್ಲ. ರಜೆ ಎಲ್ಲಾ ತೀರಿ ಸಂಬಳ ಕಟ್ಟಾಯ್ತು, ಮನೆಯವ್ಳ ಬಳೆ ಅಡ ಇಟ್ಟು 60 ಸಾವಿರ ತಂದೆ. ಅದೇ ಟೈಮಲ್ಲಿ ಹೊಡ್ದೋರ ಕಡೆಯವ್ರು ರಾಜಿಗೆ 25 ಸಾವಿರ ಹಿಡ್ಕೊಂಡು ಮನೆಗೇ ಬಂದ್ರು. "ಬೇಡ ಕಣ್ರೀ, ಬಳೆ ಹೋದ್ರೆ ಹೋಗ್ಲಿ" ಅಂದ್ಳು. ಮುಟ್ಲಿಲ್ಲ, ಕೇಸ್ ನಡೀತಿದೆ. ನನಗೆ ನಿಜವಾಗ್ಲೂ ಕೆಲ್ಸಕ್ಕೆ ಬಂದ ಸಾಮಾನೆಲ್ಲಾ ಸೇರ್ಸಿದ್ರೆ ಎರಡೂವರೆ ಸಾವಿರ ಆಗಿರ್ಬೋದು: ಒಂದು ವಾಚು, ಒಂದು ಹೆಲ್ಮೆಟ್ಟು, ಒಂದು ದಾರ.

ಮೊದಲು ಮಾತ್ರೆ. ದಿನಾ ಎರಡು ತಲೆನೋವಿನ ಮಾತ್ರೆ ನುಂಗ್ತಿದ್ದೆ, ತಿಂಗಳಲ್ಲಿ 15 ದಿನ ಮೀರಿದ್ರೆ ಮಾತ್ರೆಯಿಂದ್ಲೇ ತಲೆನೋವು ಬರುತ್ತೆ ಅಂತ ಡಾಕ್ಟರ್ ಅಂದಾಗ ನಂಬ್ಲಿಲ್ಲ. ಅವ್ರು ಹೇಳ್ದಂಗೆ ನಿಲ್ಸಿದೆ, ಹತ್ತು ದಿನ ನರಕ, ಆಮೇಲೆ ಅರ್ಧ ನೋವು ಇಳೀತು. ಹಾಸಿಗೇಲಿ ಮಗ್ಗುಲು ಬದಲಾಯ್ಸಿದ್ರೆ ಮನೆ ಗಿರ್ರಂತ ತಿರುಗೋದಕ್ಕೆ ಮೂರು ತಿಂಗಳು ಬೇರೆ ಮಾತ್ರೆ ತಿಂದಿದ್ದೆ. ಅದು ಕಿವಿ ಒಳಗಿನ ಹರಳು ಜಾರಿದ್ದು. ಮಂಚದ ಮೇಲೆ ಮಲಗ್ಸಿ ತಲೆನ ಒಂದು ಕಡೆ, ಆಮೇಲೆ ಇನ್ನೊಂದು ಕಡೆ ತಿರುಗ್ಸಿ ಹಿಡಿದು ಕೂರ್ಸಿದ್ರು, ಎಪ್ಲಿ ಅಂತಾರೆ, ಐದು ನಿಮಿಷದ ಕೆಲ್ಸ, ಎರಡು ಸಲಕ್ಕೆ ನಿಂತೋಯ್ತು. ಫೀಸು 500.

ಆಮೇಲೆ ವಾಕಿಂಗು. ಎಲ್ರೂ ತಪ್ಪೋದು ಇಲ್ಲೇ, ನಾನೂ ಒಂದಿನ ಹುಮ್ಮಸ್ಸಲ್ಲಿ ಗ್ರೌಂಡ್ ಆರು ಸುತ್ತು ಹಾಕಿ ಮೂರು ದಿನ ಮಲಗಿದ್ದೆ. ಮೇಡಂ ಹೇಳಿದ್ದು ಇಷ್ಟೇ, ನಡೀತಾ ಹೋಗು, ತಲೆನೋವು ಹತ್ತಕ್ಕೆ ಎರಡು ಪಾಯಿಂಟ್ ಏರಿದ ತಕ್ಷಣ ವಾಚಲ್ಲಿ ಹಾರ್ಟ್ ರೇಟ್ ನೋಡ್ಕೊ, ಅದಕ್ಕಿಂತ ಸ್ವಲ್ಪ ಕೆಳಗೇ ಇರೋ ಹಂಗೆ ನಡಿ. ನಂದು 120ರ ಹತ್ರ ಇತ್ತು, ಹಂಗಾಗಿ 105 ದಾಟದಂಗೆ ದಿನಾ 20 ನಿಮಿಷ ನಡೆದೆ. ಅಮೆರಿಕದ ಬಫಲೋದಲ್ಲಿ ಟ್ರೆಡ್‌ಮಿಲ್ ಮೇಲೆ ಮಾಡೋ ಲೆಕ್ಕಾನೇ ಇದು, ನಾನು ಕಾಲೇಜ್ ಗ್ರೌಂಡಲ್ಲಿ ಮಾಡ್ದೆ. ಎಂಟ್ಹತ್ತು ವಾರಕ್ಕೆ 140 ಮುಟ್ಟಿದ್ರೂ ತಲೆ ಗಪ್ ಚುಪ್. ಗ್ರೌಂಡಲ್ಲಿ ನೋಡ್ದೋರು "ಇವ್ನಿಗೇನಾಗಿದೆ, ಆರಾಮಾಗಿ ವಾಕಿಂಗ್ ಮಾಡ್ಕೊಂಡು ರಜೆ ಹೊಡೀತಾನೆ" ಅಂತ ಡಿಪೋಗೆ ಸುದ್ದಿ ಮುಟ್ಸಿದ್ರು. ಆ ಮಾತು ಇವತ್ತಿಗೂ ಮರೆತಿಲ್ಲ.

ಕಣ್ಣಿಗೆ ದಾರ. ಓಡೋ ಬಸ್ಸಲ್ಲಿ ಇಟಿಎಂ (ಟಿಕೆಟ್ ಮಷಿನ್) ನೋಡಿ, ಮುಖ ನೋಡಿ, ಚಿಲ್ರೆ ನೋಡೋ ಕೆಲ್ಸ ನಮ್ದು, ಕಣ್ಣು ಎರಡೂ ಒಟ್ಟಿಗೆ ತಿರುಗದೇ ಇದ್ರೆ ವಾಂತಿನೇ. ಮನೆಯವ್ಳ ಹರಿದ ಸರದ ಮೂರು ಮಣಿ, ಕೆಂಪು ಹಸಿರು ಹಳದಿ, ದಾರಕ್ಕೆ ಪೋಣಿಸಿ ಒಂದು ತುದಿ ಕಿಟಕಿ ಸರಳಿಗೆ ಕಟ್ಟಿ ಇನ್ನೊಂದು ತುದಿ ಮೂಗಿಗೆ ಹಿಡ್ಕೊಂಡೆ. ಮಣಿ ಮೇಲೆ ಕಣ್ಣು ನೆಟ್ರೆ ದಾರ ಎರಡಾಗಿ ಕಂಡು ಸರಿಯಾಗಿ ಮಣಿ ಹತ್ರ ಕತ್ರಿ ಹಾಕ್ಬೇಕು. ನಂದು ಹತ್ತಿರದ ಕೆಂಪು ಮಣಿಗೆ ಕತ್ರಿನೇ ಬೀಳ್ತಿರ್ಲಿಲ್ಲ, ಮಣಿನೇ ಎರಡಾಗೋದು. ದಿನಾ ಐದೈದು ನಿಮಿಷ, ಆರನೇ ವಾರ ಕತ್ರಿ ಬಿತ್ತು, ಆವತ್ತು ಮಗಳನ್ನ ಕರೆದು ತೋರ್ಸಿದೆ. ಮಧ್ಯೆ ಭ್ರಾಮರಿ ಪ್ರಾಣಾಯಾಮ ಟ್ರೈ ಮಾಡ್ದೆ, ಶುರುನಲ್ಲಿ ಹಮ್ಮಿಂಗಿಗೆ ತಲೆ ಬಿಗೀತು ಬಿಟ್ಟೆ, ಐದನೇ ತಿಂಗಳು ಮತ್ತೆ ಶುರು ಮಾಡಿದ್ಮೇಲೆ ನಿದ್ದೆಗೆ ಹಿಡೀತು. ಕಣ್ಣು ಮುಚ್ಕೊಂಡು ಒಂದ್ರೂಪಾಯಿ ಎರಡ್ರೂಪಾಯಿ ಐದ್ರೂಪಾಯಿ ಕೈಲೇ ಬೇರೆ ಮಾಡೋದೂ ಮಾಡ್ದೆ, ಒಳ್ಳೇದು. ನಿಂತ್ಕೊಂಡು ಬ್ಯಾಲೆನ್ಸ್ ಹಿಡಿಯೋಕೆ ಬಸ್ಸಲ್ಲಿ ಪಾದ ಇಡೋದು ಒಂದು ಬದಲಾಯಿಸ್ಕೊಂಡಿದೀನಿ, ಅದನ್ನ ಬರೆಯೋಕಾಗಲ್ಲ, ಡಿಪೋಗೆ ಬನ್ನಿ ತೋರಿಸ್ತೀನಿ.

ತಲೆ ಸರಿ ಹೋದ್ರೂ ಭಯ ಹೋಗ್ಲಿಲ್ಲ. ಯಾರ ಕೈಲಾದ್ರೂ ಹೆಲ್ಮೆಟ್ ಕಂಡ್ರೆ ಕೈ ಬೆವರೋದು, ರಾತ್ರಿ ಎರಡಕ್ಕೆ ಹಾಸಿಗೆ ಮೇಲೆ ಎದ್ದು ಕೂತಿರ್ತಿದ್ದೆ. ಒಂದು ರಾತ್ರಿ 14416ಕ್ಕೆ ಫೋನ್ ಮಾಡ್ದೆ, ಟೆಲಿ ಮನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಿದ್ರು, ಅಲ್ಲಿಂದ ನಿಮ್ಹಾನ್ಸ್ ಓಪಿಡಿ. ಸೈಕಾಲಜಿಸ್ಟ್ ಆವತ್ತು ನಡೆದಿದ್ದನ್ನ ಈಗ್ಲೇ ನಡೀತಿರೋ ಹಂಗೆ ಬಾಯ್ಬಿಟ್ಟು ಹೇಳ್ಸಿ ಮೊಬೈಲಲ್ಲಿ ರೆಕಾರ್ಡ್ ಮಾಡ್ಸಿದ್ರು, ದಿನಾ ಕೇಳ್ಬೇಕು ಅಂದ್ರು. ಮೊದಲ್ನೇ ದಿನ ನಿಟ್ಟೂರು ಅನ್ನೋ ಮಾತಿಗೇ ಆಫ್ ಮಾಡ್ದೆ. ಮೂರನೇ ವಾರಕ್ಕೆ ಪೂರ್ತಿ ಕೇಳಿ ಎದ್ದು ಕಾಫಿ ಕುಡಿದೆ. "ಇದನ್ನ ಕೇಳ್ತಾ ಕೂತ್ರೆ ಹುಚ್ಚೇ ಹಿಡಿಯುತ್ತೆ" ಅಂತ ಭಾವ ಜಗಳ ಆಡಿದ್ರು. ಒಬ್ರೇ ಮಾಡೋಕೆ ಹೋಗ್ಬೇಡಿ, ಗೊತ್ತಿರೋರು ಜೊತೇಲಿರ್ಲಿ.

ಜೊತೆಗೆ ಬಸ್ಸು. ಮೊದಲು ಸ್ಟ್ಯಾಂಡಲ್ಲಿ ಬರೀ ಕೂರೋದು, ಎದೆ ಬಡಿತ ಇಳಿಯೋವರ್ಗೂ ಏಳೋದಿಲ್ಲ. ಆಮೇಲೆ ಪ್ಯಾಸೆಂಜರಾಗಿ ಒಂದು ಸ್ಟೇಜು, ಆಮೇಲೆ ಗುಬ್ಬಿ, ಅಲ್ಲಿಂದ ಕೆ.ಬಿ. ಕ್ರಾಸು. ಮನೇಲಿ ಹೊಸ ಹೆಲ್ಮೆಟ್ ತಂದು ಟಿವಿ ಮೇಲಿಟ್ಟೆ, ದಿನಾ ನಾನೇ ಒರೆಸ್ತಿದ್ದೆ. ರಾತ್ರಿ ನಿಟ್ಟೂರು ದಾಟೋಕೆ ಮಾತ್ರ ಒಂದು ತಿಂಗಳೇ ಹಿಡೀತು, ಎರಡು ಸಲ ಮೊದಲೇ ಇಳಿದುಬಿಟ್ಟೆ, ಮೂರನೇ ಸಲ ಆವತ್ತಿನ ಡ್ರೈವರಣ್ಣನೇ ಓಡಿಸ್ತಿದ್ರು. ಆ ಜಾಗ ಬಂದಾಗ ಸ್ಪೀಡ್ ಕಮ್ಮಿ ಮಾಡಿ ಕನ್ನಡೀಲಿ ನನ್ನ ನೋಡಿ "ರೈಟ್ ಹೇಳಪ್ಪ" ಅಂದ್ರು. ಹೇಳ್ದೆ.

ದಾರ ಇನ್ನೂ ಬ್ಯಾಗಲ್ಲೇ ಇದೆ, ಮೂರು ಟ್ರಿಪ್ ಆದ್ಮೇಲೆ ಸ್ವಲ್ಪ ತಲೆ ಭಾರ ಆಗುತ್ತೆ. ರಾತ್ರಿ ಬಸ್ಸಿನ ಜೊತೆ ಹೊರಗೇ ಉಳಿಯೋ ನೈಟ್ ಹಾಲ್ಟ್ ಡ್ಯೂಟಿ ಮಾತ್ರ ತಗೊಂಡಿಲ್ಲ, ಜನವರಿಗೆ ಕೇಳ್ತೀನಿ.